ಮ್ಯಾಥ್ಸ್ ಜಿಸಿಎಸ್‌ಇ ಒಂದು ವರ್ಷ ಮೊದಲೇ ಬರೆಸಬೇಕಾ? ನಿರ್ಧಾರ ಮಾಡುವ ಮೊದಲು ಇದನ್ನು ಮಾಡಿ

ಸೆಪ್ಟೆಂಬರ್ ಬಂದರೆ ಸಾಕು, ಇಂಗ್ಲೆಂಡಿನಲ್ಲಿರುವ ನಮ್ಮವರಿಂದ ಇದೇ ಪ್ರಶ್ನೆ ಶುರುವಾಗುತ್ತದೆ. "ಮಗಳು ಈಗ ಇಯರ್ 9, ಮ್ಯಾಥ್ಸ್ ಅಂದರೆ ನೀರು ಕುಡಿದಷ್ಟು ಸುಲಭ, ಇಯರ್ 10ರಲ್ಲೇ ಜಿಸಿಎಸ್‌ಇ ಮುಗಿಸಿಬಿಡೋಣ್ವಾ?" ಹೀಗೆ ಕೇಳುವವರಲ್ಲಿ ಜಾಸ್ತಿ ಜನ ಮನಸ್ಸಿನಲ್ಲೇ ಉತ್ತರ ಇಟ್ಟುಕೊಂಡಿರುತ್ತಾರೆ, ನನ್ನಿಂದ ಒಂದು ಹೂಂ ಬೇಕಿರುತ್ತದೆ ಅಷ್ಟೇ. ಹೂಂ ಅನ್ನುವುದೂ ಉಂಟು. ಆದರೆ ಅದಕ್ಕೆ ಮೊದಲು ನೀವು ಮನೆಯಲ್ಲಿ ಕೂತು ಮಾಡಬೇಕಾದ ಕೆಲಸ ಸ್ವಲ್ಪ ಇದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಪದಗಳನ್ನು ಬಗೆಹರಿಸಿಕೊಳ್ಳೋಣ. ಜಿಸಿಎಸ್‌ಇ ಅಂದರೆ ಇಯರ್ 11ರ ಕೊನೆಯಲ್ಲಿ, 15-16 ವಯಸ್ಸಿಗೆ, ವಿಷಯವಾರು ಬರೆಯುವ ಬೋರ್ಡ್ ಪರೀಕ್ಷೆ. ನಮ್ಮ ಎಸ್‌ಎಸ್‌ಎಲ್‌ಸಿ ಥರ ಅಂದುಕೊಳ್ಳಿ, ಆದರೆ ಇಲ್ಲಿ ಒಂದೊಂದು ವಿಷಯವೂ ಬೇರೆ ಬೇರೆ ಅರ್ಹತೆ, ಹಾಗಾಗಿಯೇ ಒಂದನ್ನು ಮಾತ್ರ ಮೊದಲೇ ಬರೆಯಲು ಸಾಧ್ಯ. ಗಣಿತಕ್ಕೆ 2017ರಿಂದ 9ರಿಂದ 1ರವರೆಗೆ ಗ್ರೇಡ್. 9 ಎಲ್ಲಕ್ಕಿಂತ ಮೇಲು, 4 ಪಾಸ್, 5 ಗಟ್ಟಿ ಪಾಸ್. ಪೇಪರ್‌ಗಳಲ್ಲಿ ಎರಡು ಮಟ್ಟ: ಫೌಂಡೇಶನ್‌ನಲ್ಲಿ ಎಷ್ಟೇ ಚೆನ್ನಾಗಿ ಬರೆದರೂ 5ರ ಮೇಲೆ ಸಿಗುವುದಿಲ್ಲ, ಹೈಯರ್‌ನಲ್ಲಿ 9ರವರೆಗೆ ಹೋಗಬಹುದು. ಎ ಲೆವೆಲ್ ಅಂದರೆ ಆಮೇಲಿನ ಎರಡು ವರ್ಷ, ನಮ್ಮ ಪಿಯುಸಿ ವಯಸ್ಸಿನದು. ಅದನ್ನು ಓದಿಸುವ ಜಾಗಕ್ಕೆ ಸಿಕ್ಸ್ತ್ ಫಾರ್ಮ್ ಅನ್ನುತ್ತಾರೆ.

ಇನ್ನೊಂದು ಮಾತು. ಇದು ಇಂಗ್ಲೆಂಡಿನ ಕತೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ನ್ಯಾಷನಲ್ 5 ಅಂತ ಬೇರೆಯೇ ಪದ್ಧತಿ ಇದೆ, ವೇಲ್ಸ್‌ನ ಜಿಸಿಎಸ್‌ಇ ನಿಯಮಗಳೂ ಬೇರೆ.

ಹಂತ 1: ಯಾಕೆ ಅಂತ ಒಂದು ಸಾಲಿನಲ್ಲಿ ಬರೆಯಿರಿ

ಚೀಟಿಯಲ್ಲಿ ಬರೆಯಿರಿ, ನಿಜವಾಗಿ. ಗಂಡ ಹೆಂಡತಿ ಬೇರೆ ಬೇರೆ ಬರೆದು ಆಮೇಲೆ ಪಕ್ಕ ಪಕ್ಕ ಇಟ್ಟು ನೋಡಿ, ಎಷ್ಟೋ ಸಲ ಜಗಳ ಅಲ್ಲೇ ಶುರುವಾಗುತ್ತದೆ, ಅಲ್ಲೇ ಮುಗಿಯುವುದೂ ಉಂಟು.

ಒಪ್ಪುವಂಥ ಕಾರಣಗಳಿವೆ. ಮಗು ಹೈಯರ್ ಪಾಠವನ್ನೆಲ್ಲ ಮುಗಿಸಿ ತರಗತಿಯಲ್ಲಿ ಸುಮ್ನೆ ಕೂತಿದೆ. ಮನೆಯಲ್ಲೇ ಓದಿಸುತ್ತಿದ್ದೀರಿ, ಎಂಟು ವಿಷಯಗಳನ್ನು ಒಂದೇ ಬೇಸಿಗೆಗೆ ತುರುಕುವ ಬದಲು ಮೂರು ವರ್ಷಕ್ಕೆ ಹರಡುತ್ತೀರಿ. ಅಥವಾ ಶಾಲೆಯೇ ಮೇಲಿನ ಸೆಟ್‌ನವರಿಗೆಲ್ಲ, ಅಂದರೆ ಗಣಿತದಲ್ಲಿ ಚುರುಕಾದವರ ಗುಂಪಿಗೆಲ್ಲ, ಇಯರ್ 10ರಲ್ಲಿ ಬರೆಸಿ ಮುಂದಿನ ವರ್ಷ ಅದಕ್ಕಿಂತ ಮೇಲಿನ ಗಣಿತ ಕಲಿಸುತ್ತದೆ. ಇವೆಲ್ಲ ಸರಿ.

"ಟ್ಯೂಷನ್‌ಗೆ ಬರುವ ಇನ್ನೊಬ್ಬ ಹುಡುಗ ಬರೆದನಂತೆ" ಅನ್ನುವುದು ಕಾರಣವಲ್ಲ. "ಯೂನಿವರ್ಸಿಟಿ ಅರ್ಜಿಯಲ್ಲಿ ಚೆನ್ನಾಗಿ ಕಾಣುತ್ತೆ" ಅನ್ನುವುದೂ ಅಲ್ಲ, ಅಲ್ಲಿ ನೋಡುವುದು ಗ್ರೇಡ್. 14ನೇ ವಯಸ್ಸಿನಲ್ಲಿ ಬಂದ 7ಕ್ಕಿಂತ 16ರಲ್ಲಿ ಬಂದ 9 ಚೆನ್ನಾಗಿ ಕಾಣುತ್ತದೆ.

"ಇಯರ್ 11ರಲ್ಲಿ ಭಾರ ಕಡಿಮೆಯಾಗುತ್ತೆ" ಅನ್ನುವುದು ಮಾತ್ರ ಅರ್ಧ ನಿಜ. ಗಣಿತದ ಮೂರು ಪೇಪರ್ ಸೇರಿದರೆ ನಾಲ್ಕೂವರೆ ಗಂಟೆ. ಕೋರ್ಸ್‌ವರ್ಕ್, ಅಂದರೆ ವರ್ಷಪೂರ್ತಿ ಮಾಡಿ ಒಪ್ಪಿಸುವ ಕೆಲಸ, ಗಣಿತದಲ್ಲಿ ಇಲ್ಲವೇ ಇಲ್ಲ. ಗಣಿತ ಸುಲಭವಾಗಿ ಬರುವ ಮಗುವಿಗೆ ಇಯರ್ 11ರ ಭಾರ ಗಣಿತದಿಂದ ಬರುವುದಲ್ಲ, ಇಂಗ್ಲಿಷ್ ಮತ್ತು ಹಿಸ್ಟರಿಯಿಂದ ಬರುತ್ತದೆ.

ಹಂತ 2: ಪರೀಕ್ಷೆಗೆ ಮೊದಲು, ಪರೀಕ್ಷೆ ಆದಮೇಲಿನ ವರ್ಷದ ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. "ಪಾಸಾಗ್ತಾಳಾ?" ಅಂತ ಕೇಳುತ್ತಾರೆ. ಆಗ್ತಾಳೆ ಬಿಡಿ. ಆಮೇಲೆ ಏನು ಮಾಡುತ್ತಾಳೆ ಅನ್ನುವುದನ್ನು ಯಾರೂ ಕೇಳುವುದಿಲ್ಲ.

ಇಯರ್ 10ರ ಜೂನ್‌ನಲ್ಲಿ ಬರೆದರೆ, ಎ ಲೆವೆಲ್ ಶುರುವಾಗುವ ಇಯರ್ 12ರ ಸೆಪ್ಟೆಂಬರ್‌ಗೆ 15 ತಿಂಗಳು. ಇಯರ್ 9ರಲ್ಲೇ ಬರೆದರೆ 27 ತಿಂಗಳು. ಅಷ್ಟು ದಿನ ಬೀಜಗಣಿತ ಮುಟ್ಟದಿದ್ದರೆ ಕೈ ತುಕ್ಕು ಹಿಡಿಯುತ್ತದೆ, ಸಂಗೀತ ಬಿಟ್ಟವರ ಗಂಟಲಿನ ಹಾಗೆ. ನನ್ನ ದೊಡ್ಡ ಮಗಳದ್ದೇ ಉದಾಹರಣೆ: ಇಯರ್ 10ರಲ್ಲಿ 8 ಬಂತು, ಸಿಹಿ ಹಂಚಿದೆವು, ಮುಂದಿನ ವರ್ಷ ಗಣಿತದ ಪೀರಿಯಡ್‌ನಲ್ಲಿ ಬೇರೆ ಹೋಮ್‌ವರ್ಕ್ ಮಾಡಿಕೊಳ್ಳಲು ಬಿಟ್ಟರು. ಎ ಲೆವೆಲ್ ಎರಡನೇ ವಾರದಲ್ಲಿ ಫೋನು, "ಅಪ್ಪಾ, ವರ್ಗ ಸಮೀಕರಣಕ್ಕೆ ವರ್ಗ ಪೂರ್ಣ ಮಾಡೋದು ಹೇಗೆ, ಮರೆತೇಹೋಗಿದೆ". ಸರಿಯಾಯಿತು, ಆದರೆ ಅರ್ಧ ಟರ್ಮ್ ಬೇಕಾಯಿತು.

ಹಾಗಾಗಿ ಆ ಖಾಲಿ ವರ್ಷಕ್ಕೆ ಹೆಸರಿರುವ ಒಂದು ಕೆಲಸ ಬೇಕು. ಇರುವ ದಾರಿಗಳು ಇವು.

ಎಕ್ಯೂಎ ಬೋರ್ಡಿನ (ಇಲ್ಲಿ ಪರೀಕ್ಷೆ ನಡೆಸುವ ಬೋರ್ಡ್‌ಗಳು ಹಲವು, ಅದರಲ್ಲಿ ಇದೊಂದು) ಲೆವೆಲ್ 2 ಫರ್ದರ್ ಮ್ಯಾಥ್ಸ್. ಜಿಸಿಎಸ್‌ಇಗೂ ಎ ಲೆವೆಲ್‌ಗೂ ನಡುವಿನ ಸೇತುವೆ. ಒಂದೂ ಮುಕ್ಕಾಲು ಗಂಟೆಯ ಎರಡು ಪೇಪರ್, ಮೊದಲನೆಯದಕ್ಕೆ ಕ್ಯಾಲ್ಕುಲೇಟರ್ ಇಲ್ಲ. ಮೇಟ್ರಿಕ್ಸ್ ಮತ್ತು ಕ್ಯಾಲ್ಕುಲಸ್‌ನ ಮೊದಲ ಪರಿಚಯ ಇಲ್ಲಿ ಆಗುತ್ತದೆ. ಬುದ್ಧಿವಂತ ಮಗುವಿಗೆ ಇದು ನಿಜಕ್ಕೂ ಒಳ್ಳೆಯ ವರ್ಷ.

ಓಸಿಆರ್ ಬೋರ್ಡಿನ ಅಡಿಷನಲ್ ಮ್ಯಾಥ್ಸ್. ಎರಡು ಗಂಟೆಯ ಒಂದೇ ಪೇಪರ್, 100 ಅಂಕ, ಎ ಲೆವೆಲ್ ಕಡೆಗೆ ಇನ್ನೂ ಸ್ವಲ್ಪ ವಾಲಿದ್ದು.

ಪರೀಕ್ಷೆಯೇ ಬೇಡ ಅಂದರೆ ಯುಕೆಎಂಟಿ ಅನ್ನುವ ಸಂಸ್ಥೆ ಶಾಲಾ ಮಕ್ಕಳಿಗೆ ನಡೆಸುವ ಮ್ಯಾಥ್ಸ್ ಚಾಲೆಂಜ್ ಸ್ಪರ್ಧೆಗಳ ಹಳೆ ಪ್ರಶ್ನೆಗಳು, ಕೇಂಬ್ರಿಡ್ಜ್ ಯೂನಿವರ್ಸಿಟಿಯ ಎನ್‌ರಿಚ್ ತಾಣದ ಉಚಿತ ಲೆಕ್ಕಗಳು. ವಾರಕ್ಕೆ ಎರಡು ಗಂಟೆ ಕೊಟ್ಟರೂ ಕೈ ತುಕ್ಕು ಹಿಡಿಯುವುದಿಲ್ಲ.

ಇನ್ನು ಕೆಲವರು ಇಯರ್ 11ರಲ್ಲೇ ಎ ಲೆವೆಲ್ ಶುರು ಮಾಡಿಸುತ್ತೇವೆ ಅನ್ನುತ್ತಾರೆ. ಸ್ವಲ್ಪ ತಾಳಿ. ಎ ಲೆವೆಲ್ ಕೂಡ ಮೊದಲೇ ಮುಗಿದರೆ ಇದೇ ಸಮಸ್ಯೆ ಒಂದು ಮೆಟ್ಟಿಲು ಮೇಲೆ ಹೋಗಿ ಕೂರುತ್ತದೆ, ಅದೂ ಯೂನಿವರ್ಸಿಟಿಯ ಬಾಗಿಲಲ್ಲಿ. ಮೂರು ವಿಷಯಗಳ ಎ ಲೆವೆಲ್‌ಗಳನ್ನೂ ಒಟ್ಟಿಗೆ ಬರೆದಿರಬೇಕು ಅಂತ ಬಯಸುವ ಕೋರ್ಸ್‌ಗಳೂ ಇವೆ. ಮನಸ್ಸಿನಲ್ಲಿರುವ ಕೋರ್ಸ್‌ನ ಪ್ರವೇಶ ನಿಯಮ ಓದದೆ ಆ ಕಡೆ ಹೋಗಬೇಡಿ.

ಈ ಹಂತದಲ್ಲಿ ನಿಮ್ಮ ಬಳಿ ಉತ್ತರ ಇಲ್ಲದಿದ್ದರೆ, ಬೇಡ ಅನ್ನುವುದೇ ಉತ್ತರ. ಇಲ್ಲಿಗೇ ನಿಲ್ಲಿಸಬಹುದು.

ಹಂತ 3: ಮನೆಯಲ್ಲೇ ಒಂದು ಸಲ ಪೂರ್ತಿ ಬರೆಸಿ ನೋಡಿ

ಶಾಲೆಯ ಮಾಕ್ ಪರೀಕ್ಷೆಯ ಅಂಕ ನಂಬಬೇಡಿ. ಅದು ತಪ್ಪು ಅಂತಲ್ಲ, ಅಲ್ಲಿ ಆಗಷ್ಟೇ ಕಲಿಸಿದ ಪಾಠದ ಪ್ರಶ್ನೆಗಳೇ ಜಾಸ್ತಿ ಇರಬಹುದು. ಬೋರ್ಡ್‌ಗಳು ಹಳೆ ಪೇಪರ್, ಉತ್ತರಕ್ಕೆ ಅಂಕ ಕೊಡುವ ವಿಧಾನ ಹೇಳುವ ಮಾರ್ಕ್ ಸ್ಕೀಮ್, ಯಾವ ಗ್ರೇಡಿಗೆ ಎಷ್ಟು ಅಂಕ ಅನ್ನುವ ಗ್ರೇಡ್ ಬೌಂಡರಿ, ಮೂರನ್ನೂ ಪ್ರಕಟಿಸುತ್ತವೆ. ಒಂದೇ ವರ್ಷದ, ಒಂದೇ ಬೋರ್ಡಿನ ಹೈಯರ್ ಪೇಪರ್ ಮೂರನ್ನೂ ತೆಗೆದುಕೊಳ್ಳಿ. ಎಡೆಕ್ಸೆಲ್ ಮತ್ತು ಎಕ್ಯೂಎಯಲ್ಲಿ ಒಂದೊಂದು ಪೇಪರ್ ಒಂದೂವರೆ ಗಂಟೆ, 80 ಅಂಕ, ಒಟ್ಟು 240. ಪೇಪರ್ 1ಕ್ಕೆ ಕ್ಯಾಲ್ಕುಲೇಟರ್ ಇಲ್ಲ. ಮೂರು ಬೇರೆ ಬೇರೆ ದಿನ ಬರೆಸಿ, ಗಡಿಯಾರ ಇಟ್ಟು, ಫೋನ್ ಇನ್ನೊಂದು ರೂಮಿನಲ್ಲಿಟ್ಟು.

ಈಗ ಅಂಕ ಕೂಡಿಸಿ. ಇಲ್ಲಿ ಒಂದು ವಿಚಾರ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಹೈಯರ್‌ನಲ್ಲಿ 4 ಬರಲು ಒಟ್ಟು ಅಂಕದ ಐದನೇ ಒಂದು ಭಾಗದ ಹತ್ತಿರ ಸಾಕು. 7 ಬರಲು ಶೇಕಡಾ 55ರಿಂದ 60ರ ಆಸುಪಾಸು. 9ಕ್ಕೆ ಶೇಕಡಾ 80 ದಾಟಬೇಕು. ವರ್ಷದಿಂದ ವರ್ಷಕ್ಕೆ ಸ್ವಲ್ಪ ಅತ್ತಿತ್ತ ಆಗುತ್ತದೆ, ಆದರೆ ಚಿತ್ರ ಇಷ್ಟೇ.

ಅಂದರೆ 7 ತಗೊಂಡ ಮಗು ನೂರಕ್ಕೆ ನಲವತ್ತು ಅಂಕ ಬಿಟ್ಟಿದೆ. 7 ಅಂದರೆ ನಮ್ಮ ಕಾಲದ ಫಸ್ಟ್ ಕ್ಲಾಸ್ ಅಂದುಕೊಂಡು ಖುಷಿಪಡುತ್ತೇವೆ, ಪಡಿ, ಆದರೆ ಬಿಟ್ಟ ಆ ನಲವತ್ತು ಎಲ್ಲಿ ಹೋಯಿತು ನೋಡಿ. ಪೇಪರಿನ ಕೊನೆಯ ಆರೇಳು ಪ್ರಶ್ನೆಗಳಲ್ಲಿ ಹೋಗಿರುತ್ತದೆ: ಬೀಜಗಣಿತದ ಭಿನ್ನರಾಶಿ, ಕರಣಿ, ಸದಿಶ, ಸಾಧನೆ (ಪ್ರೂಫ್). ಎ ಲೆವೆಲ್ ಕಟ್ಟುವುದು ಇವುಗಳ ಮೇಲೆಯೇ. ಇಯರ್ 11 ಪೂರ್ತಿ ಸಿಕ್ಕಿದ್ದರೆ ಕಲಿಯುತ್ತಿದ್ದದ್ದು ಇದನ್ನೇ, ಅಲ್ವಾ?

ಆದ್ದರಿಂದ ನನ್ನ ಗೆರೆ ಸ್ವಲ್ಪ ಬಿಗಿ. ತಯಾರಿ ಇಲ್ಲದೆ ಮನೆಯಲ್ಲಿ ಬರೆದಾಗ 8 ಅಥವಾ 9 ಬಂದರೆ ಮುಂದಿನ ಹಂತಕ್ಕೆ ಹೋಗಿ. 7 ಬಂದರೆ ಒಂದು ವರ್ಷ ಕಾಯಿರಿ. ಇದು ನನ್ನ ಅಭಿಪ್ರಾಯ, ಸರ್ಕಾರದ ನಿಯಮ ಅಲ್ಲ.

ಆಮೇಲೆ ತಪ್ಪಾದ ಉತ್ತರಗಳನ್ನು ಮೂರು ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿ. ಕೆಂಪು: ಪಾಠವೇ ಗೊತ್ತಿಲ್ಲ. ನೀಲಿ: ಗೊತ್ತಿತ್ತು, ಕೂಡುವಾಗ ಕಳೆಯುವಾಗ ಜಾರಿದೆ. ಹಸಿರು: ಪ್ರಶ್ನೆಯನ್ನೇ ತಪ್ಪಾಗಿ ಓದಿದೆ. ಕೆಂಪು ಜಾಸ್ತಿ ಇದ್ದರೆ ಪಾಠ ಬಾಕಿ ಇದೆ, ಅದು ಸುಲಭದ ರೋಗ, ಕಲಿಸಿದರೆ ಹೋಗುತ್ತದೆ. ಹಸಿರು ಜಾಸ್ತಿ ಇದ್ದರೆ ಅದು ವಯಸ್ಸಿನ ವಿಷಯ. 14ರ ಮಗು ಐದು ಸಾಲಿನ ಪ್ರಶ್ನೆಯನ್ನು ಎರಡು ಸಾಲು ಓದಿ ಉತ್ತರ ಬರೆಯಲು ಹೊರಡುತ್ತದೆ, ಅದಕ್ಕೆ ಟ್ಯೂಷನ್ ಇಲ್ಲ, ಒಂದು ವರ್ಷ ದೊಡ್ಡದಾಗಬೇಕು ಅಷ್ಟೇ.

ಕೊನೆಗೆ ಒಂದು ಸಣ್ಣ ಲೆಕ್ಕ ಕೊಡಿ. ಊಟದ ಹೊತ್ತಿನಲ್ಲಿ ಬಾಯಲ್ಲೇ ಕೇಳಿ. "ಯಾವುದಾದರೂ ಬೆಸ ಸಂಖ್ಯೆ ತಗೋ. ಅದರ ವರ್ಗದಿಂದ 1 ಕಳೆ. ಉತ್ತರ ಯಾವಾಗಲೂ 8ರಿಂದ ಭಾಗವಾಗುತ್ತೆ. ಯಾಕೆ?"

ಮಗು 3 ತಗೊಂಡು 8 ಅನ್ನುತ್ತದೆ, 5ಕ್ಕೆ 24, 7ಕ್ಕೆ 48. "ಹೌದು, ಆಗುತ್ತೆ" ಅಂತ ಹೇಳಿ ತಟ್ಟೆ ಕಡೆ ತಿರುಗಿದರೆ, ಆ ಮಗುವಿಗೆ ಉತ್ತರ ತೆಗೆಯಲು ಬರುತ್ತದೆ, ಗಣಿತ ಇನ್ನೂ ಬರಬೇಕು. ಇನ್ನೊಂದು ಥರದ ಮಗು ಅಲ್ಲಿಗೆ ನಿಲ್ಲುವುದಿಲ್ಲ. 24 ಅಂದರೆ 4 ಸಲ 6, 48 ಅಂದರೆ 6 ಸಲ 8, ಓ, ಇದು ಆ ಬೆಸ ಸಂಖ್ಯೆಯ ಹಿಂದಿನ ಮತ್ತು ಮುಂದಿನ ಸಮ ಸಂಖ್ಯೆಗಳ ಗುಣಾಕಾರ ಅಂತ ಕಂಡುಕೊಳ್ಳುತ್ತದೆ. ಅಕ್ಕಪಕ್ಕದ ಎರಡು ಸಮ ಸಂಖ್ಯೆಗಳಲ್ಲಿ ಒಂದು 4ರಿಂದ ಭಾಗವಾಗಲೇಬೇಕು, ಇನ್ನೊಂದು ಹೇಗೂ 2ರಿಂದ ಭಾಗವಾಗುತ್ತದೆ, ಸೇರಿದರೆ 8. ಅದೇ ಊಟದಲ್ಲಿ ಹೇಳಬೇಕಾಗಿಲ್ಲ. ಮಾರನೇ ದಿನ ಬಸ್ಸಿನಲ್ಲಿ ಹೊಳೆದು ಬಂದು ಹೇಳಿದರೂ ಸಾಕು. ಯಾಕೆ ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತಾ ಅನ್ನುವುದನ್ನು ನೋಡಿ.

ಹಂತ 4: ಶಾಲೆಯನ್ನು ಕೇಳಿ, ಬರೆದು ಕೇಳಿ

ಶಾಲೆಗೆ ತನ್ನದೇ ಒಂದು ಲೆಕ್ಕ ಇರುತ್ತದೆ, ಅದು ನಿಮಗೆ ಗೊತ್ತಿರಬೇಕು. 2013ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಂದು ಬದಲಾವಣೆ ಮಾಡಿತು: ಒಂದು ವಿಷಯವನ್ನು ಎಷ್ಟು ಸಲ ಬರೆದರೂ ಶಾಲೆಗಳನ್ನು ಹೋಲಿಸಲು ಸರ್ಕಾರ ಪ್ರಕಟಿಸುವ ಸಾಧನೆಯ ಪಟ್ಟಿಗೆ ಮೊದಲ ಸಲದ ಗ್ರೇಡ್ ಮಾತ್ರ ಲೆಕ್ಕ. ಅದಕ್ಕೆ ಮೊದಲು ಬೇಗ ಬರೆಸಿ, ಬರದಿದ್ದರೆ ಮತ್ತೆ ಬರೆಸುವ ಚಾಳಿ ಜೋರಾಗಿತ್ತು. ಈಗ ಇಯರ್ 10ರಲ್ಲಿ 7 ಬಂದರೆ ಶಾಲೆಗೆ ಅದೇ ಖಾಯಂ, ಮುಂದಿನ ವರ್ಷ 9 ತಂದರೂ ಪಟ್ಟಿಯಲ್ಲಿ 7. ಆದ್ದರಿಂದ ಸರ್ಕಾರಿ ಶಾಲೆ "ಬೇಡ" ಅಂದರೆ ನಿಮ್ಮ ಮಗುವಿನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ಮಗುವಿನ ಮಟ್ಟಿಗೆ ಹಾಗಿಲ್ಲ, ಎರಡರಲ್ಲಿ ಮೇಲಿನ ಗ್ರೇಡನ್ನು ಇಟ್ಟುಕೊಳ್ಳಬಹುದು. ಆದರೆ ಯೂನಿವರ್ಸಿಟಿಗೆ ಯೂಕ್ಯಾಸ್ ಮೂಲಕ ಅರ್ಜಿ ಹಾಕುವಾಗ ಬರೆದ ಪರೀಕ್ಷೆಗಳನ್ನೆಲ್ಲ ತೋರಿಸಬೇಕು, ಬಚ್ಚಿಡುವ ಹಾಗಿಲ್ಲ.

ಗಣಿತ ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಮಾಡಿ ಇಷ್ಟು ಕೇಳಿ: ಜೂನ್ ಒಳಗೆ ಹೈಯರ್ ಪಾಠ ಪೂರ್ತಿ ಮುಗಿಯುತ್ತದಾ? ಇಯರ್ 11ರಲ್ಲಿ ಗಣಿತದ ಪೀರಿಯಡ್‌ನಲ್ಲಿ ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ? ಗ್ರೇಡ್ ಕಡಿಮೆ ಬಂದರೆ ಮತ್ತೆ ಬರೆಸುತ್ತೀರಾ, ಫೀಸು ಯಾರದು? ಎರಡನೇ ಪ್ರಶ್ನೆಗೆ "ನೋಡೋಣ" ಅಂತ ಉತ್ತರ ಬಂದರೆ ಹಂತ 2ಕ್ಕೆ ವಾಪಸ್ ಹೋಗಿ.

ಸಿಕ್ಸ್ತ್ ಫಾರ್ಮ್‌ಗೂ ಒಂದು ಮಾತು ಕೇಳಿ. ಎ ಲೆವೆಲ್ ಮ್ಯಾಥ್ಸ್‌ಗೆ ಸಾಮಾನ್ಯವಾಗಿ 6 ಅಥವಾ 7 ಬೇಕು, ಎ ಲೆವೆಲ್‌ನಲ್ಲೇ ಫರ್ದರ್ ಮ್ಯಾಥ್ಸ್ ಅಂತ ಇರುವ ಇನ್ನೊಂದು ವಿಷಯಕ್ಕೆ ಅದಕ್ಕಿಂತ ಜಾಸ್ತಿ ಕೇಳುತ್ತಾರೆ.

ಹಂತ 5: ಯಾವ ಪರೀಕ್ಷೆ, ಯಾವ ತಿಂಗಳು

ಇಲ್ಲಿ ಮೂರು ಗುಂಡಿಗಳಿವೆ.

ಒಂದನೆಯದು ನವೆಂಬರ್. "ಜೂನ್‌ನಲ್ಲಿ ಸರಿಯಾಗಿ ಬರದಿದ್ದರೆ ನವೆಂಬರ್‌ನಲ್ಲಿ ಬರೆಸಿದರಾಯಿತು" ಅಂತ ಎಷ್ಟೋ ಜನ ಧೈರ್ಯವಾಗಿರುತ್ತಾರೆ. ನವೆಂಬರ್ ಜಿಸಿಎಸ್‌ಇ ಬರೆಯಲು ಆ ವರ್ಷದ ಆಗಸ್ಟ್ 31ಕ್ಕೆ 16 ತುಂಬಿರಬೇಕು. ಇಯರ್ 10ರಲ್ಲಿ ಬರೆದ ಮಗುವಿಗೆ 16 ಆಗಿರುವುದಿಲ್ಲ. ಅಂದರೆ ಮುಂದಿನ ಅವಕಾಶ ಮುಂದಿನ ಬೇಸಿಗೆಗೇ. ಆಗಲೂ ಒಂದು ಪೇಪರ್ ಮಾತ್ರ ಬರೆಯುವ ಹಾಗಿಲ್ಲ, ಮೂರೂ ಮತ್ತೆ ಬರೆಯಬೇಕು.

ಎರಡನೆಯದು ಫೌಂಡೇಶನ್. "ಸದ್ಯಕ್ಕೆ ಒಂದು ಪಾಸ್ ಕೈಯಲ್ಲಿರಲಿ" ಅಂತ ಮೊದಲೇ ಫೌಂಡೇಶನ್ ಬರೆಸುವುದು. ಗಣಿತ ಕಷ್ಟ, ಪರೀಕ್ಷೆ ಅಂದರೆ ಭಯ ಅನ್ನುವ ಮಗುವಿಗೆ ಇದು ಕೆಲವೊಮ್ಮೆ ಸರಿಯಾದ ಹೆಜ್ಜೆ. ಚುರುಕಾದ ಮಗುವಿಗೆ ಯಾವತ್ತೂ ಅಲ್ಲ.

ಮೂರನೆಯದು ಇಂಟರ್‌ನ್ಯಾಷನಲ್ ಜಿಸಿಎಸ್‌ಇ, ಬಾಯಲ್ಲಿ ಐಜಿಸಿಎಸ್‌ಇ. ಖಾಸಗಿ ಶಾಲೆಗಳಲ್ಲಿ ಮತ್ತು ಮನೆಯಲ್ಲಿ ಓದುವವರಲ್ಲಿ ಇದು ಜಾಸ್ತಿ. ಎಡೆಕ್ಸೆಲ್‌ನದ್ದು ಎರಡು ಗಂಟೆಯ ಎರಡು ಪೇಪರ್, ತಲಾ 100 ಅಂಕ, ಎರಡಕ್ಕೂ ಕ್ಯಾಲ್ಕುಲೇಟರ್ ಉಂಟು. ಕೇಂಬ್ರಿಡ್ಜ್‌ನದ್ದರಲ್ಲಿ 2025ರಿಂದ ಕ್ಯಾಲ್ಕುಲೇಟರ್ ಇಲ್ಲದ ಒಂದು ಪೇಪರ್ ಬಂದಿದೆ, ಹಳೆ ಪುಸ್ತಕ ಇಟ್ಟುಕೊಂಡು ಓದಿಸುವವರು ಇದನ್ನು ಗಮನಿಸಿ. ಇಲ್ಲಿಯ ಗುಂಡಿ ಏನೆಂದರೆ, ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಅಲ್ಲಿ ಗಣಿತದ ಐಜಿಸಿಎಸ್‌ಇ ಸಾಧನೆಯ ಪಟ್ಟಿಗೆ ಬರುವುದೇ ಇಲ್ಲ, ಹಾಗಾಗಿ ನೀವು ಹೊರಗಿನಿಂದ ಬರೆಸಿದರೂ ಶಾಲೆ ತನ್ನ ಜಿಸಿಎಸ್‌ಇಗೆ ಮತ್ತೆ ಕೂರಿಸಬಹುದು. ಎರಡೆರಡು ಸಲ ಒಂದೇ ಗಣಿತ. ಮಗುವಿನ ಮುಖ ಆಗ ನೋಡಬೇಕು.

ಹಂತ 6: ಮಗುವನ್ನು ಕೇಳಿ

ಇದಕ್ಕೆ ಉದ್ದ ಬರೆಯುವುದಿಲ್ಲ. ನೀವಿಬ್ಬರೂ ಇಲ್ಲದಾಗ ಟೀಚರ್ ಹತ್ತಿರ ಮಗು ಏನು ಹೇಳುತ್ತದೆ ಅನ್ನುವುದನ್ನು ಟೀಚರ್‌ನಿಂದ ತಿಳಿದುಕೊಳ್ಳಿ. ನಮ್ಮ ಮುಂದೆ ನಮ್ಮ ಮಕ್ಕಳು "ಓಕೆ ಅಮ್ಮ" ಅನ್ನುವುದರಲ್ಲಿ ನಿಸ್ಸೀಮರು.

ಹಂತ 7: ಬರೆಸುವುದು ಅಂತಾದರೆ

ಶಾಲೆಯೇ ಬರೆಸುವುದಾದರೆ ಹೆಸರು ಕೊಡುವ ಕೆಲಸ ಅವರದ್ದು. ಹೊರಗಿನಿಂದ ಬರೆಸುವುದಾದರೆ ಮಗು ಪ್ರೈವೇಟ್ ಕ್ಯಾಂಡಿಡೇಟ್ ಆಗುತ್ತದೆ, ಅಂದರೆ ಆ ಶಾಲೆಯಲ್ಲಿ ಓದದೆ ಅಲ್ಲಿ ಪರೀಕ್ಷೆಗೆ ಮಾತ್ರ ಕೂರುವ ವಿದ್ಯಾರ್ಥಿ. ಮೊದಲು ಬೋರ್ಡ್ ಆರಿಸಿ ಆಮೇಲೆ ಸೆಂಟರ್ ಹುಡುಕುವುದು ತಲೆಕೆಳಗಾದ ದಾರಿ. ಹತ್ತಿರದ ಸೆಂಟರ್ ಯಾವ ಬೋರ್ಡಿನದ್ದು ನಡೆಸುತ್ತದೆ ಅಂತ ಮೊದಲು ಕೇಳಿ, ಪುಸ್ತಕ ಆಮೇಲೆ ಕೊಳ್ಳಿ. ಪರೀಕ್ಷಾ ಬೋರ್ಡ್‌ಗಳ ಒಕ್ಕೂಟವಾದ ಜೆಸಿಕ್ಯೂ ತಾಣದಲ್ಲಿ ಪ್ರೈವೇಟ್ ಕ್ಯಾಂಡಿಡೇಟ್‌ಗಳನ್ನು ತೆಗೆದುಕೊಳ್ಳುವ ಸೆಂಟರ್‌ಗಳನ್ನು ಹುಡುಕಬಹುದು.

ಬೇಸಿಗೆ ಜಿಸಿಎಸ್‌ಇಗೆ ಸೆಂಟರ್‌ಗಳು ಬೋರ್ಡಿಗೆ ಹೆಸರು ಕಳಿಸುವ ಕೊನೆ ದಿನ ಸಾಮಾನ್ಯವಾಗಿ ಫೆಬ್ರವರಿ 21. ಸೆಂಟರ್‌ಗಳು ತಮ್ಮ ಕೊನೆ ದಿನವನ್ನು ಅದಕ್ಕಿಂತ ಸಾಕಷ್ಟು ಮೊದಲೇ ಇಟ್ಟುಕೊಳ್ಳುತ್ತವೆ, ತಡವಾದರೆ ದಂಡ, ಸೀಟು ತುಂಬಿದ್ದರೆ ದಂಡ ಕೊಟ್ಟರೂ ಇಲ್ಲ. ಅಕ್ಟೋಬರ್‌ನಲ್ಲೇ ವಿಚಾರಿಸಿ. ಡಿಸ್ಲೆಕ್ಸಿಯಾ ಅಥವಾ ಬೇರೆ ಕಾರಣಕ್ಕೆ ಹೆಚ್ಚುವರಿ ಸಮಯ ಬೇಕಿದ್ದರೆ ಮೊದಲ ಫೋನಿನಲ್ಲೇ ಹೇಳಿ, ಅದಕ್ಕೆ ದಾಖಲೆ, ಪರಿಶೀಲನೆ ಎಲ್ಲ ಬೇಕು, ಎಲ್ಲ ಸೆಂಟರ್‌ಗಳೂ ಒಪ್ಪುವುದಿಲ್ಲ. ಪರೀಕ್ಷೆ ಮೇ, ಜೂನ್‌ನಲ್ಲಿ. ಫಲಿತಾಂಶ ಆಗಸ್ಟ್‌ನ ಒಂದು ಗುರುವಾರ.

ಕೊನೆಯದಾಗಿ, ನಮ್ಮವರಿಗೇ ವಿಶೇಷವಾದ ಒಂದು ತಾಪತ್ರಯ: ಹೆಸರು. ಶಾಲೆಯಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಇನ್ನೆಲ್ಲೋ ಇನಿಷಿಯಲ್ ಮಾತ್ರ. ಸರ್ಟಿಫಿಕೇಟ್ ಬರುವುದು ಹೆಸರು ನೋಂದಾಯಿಸಿದ ಹಾಗೆ. ಸೆಂಟರ್‌ನವರು ದೃಢೀಕರಣ ಕಳಿಸಿದ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೊಂದಿಸಿ ನೋಡಿ, ತಪ್ಪಿದ್ದರೆ ಆವತ್ತೇ ಬರೆದು ಸರಿಮಾಡಿಸಿ.